ಸೋನಿ ವಾಯೋ: ಬೆಲೆ, ಪ್ರಮಾಣ ಮತ್ತು ಲಾಭದ ಲೆಕ್ಕ

2025ರ ಜನವರಿಯಲ್ಲಿ ಜಪಾನಿನಲ್ಲಿ ವ್ಯಾಪಾರಸ್ಥರ ಗಮನ ಸೆಳೆಯಬೇಕಾದ ವ್ಯವಹಾರವೊಂದು ಪೂರ್ಣಗೊಂಡಿತು. ಯೊಕೊಹಾಮದ ನೊಜಿಮಾ ಎಂಬ ವಿದ್ಯುನ್ಮಾನ ಸಾಮಗ್ರಿಗಳ ಚಿಲ್ಲರೆ ಮಾರಾಟ ಸಂಸ್ಥೆಯು, ವಾಯೋ ಲ್ಯಾಪ್‌ಟಾಪ್ ತಯಾರಿಸುವ ಕಂಪನಿಯ ಶೇ. 90ಕ್ಕೂ ಹೆಚ್ಚು ಷೇರುಗಳನ್ನು ಸುಮಾರು 1,120 ಕೋಟಿ ಯೆನ್ ತೆತ್ತು ತನ್ನದಾಗಿಸಿಕೊಂಡಿತು. ಸರಕು ಮಾರುವವನು ಸರಕು ತಯಾರಿಸುವವನನ್ನೇ ಕೊಂಡ ಪ್ರಸಂಗವಿದು. ಇದೇ ವಾಯೋವನ್ನು ಹನ್ನೊಂದು ವರ್ಷಗಳ ಹಿಂದೆ ಅದರ ಜನಕ ಸಂಸ್ಥೆಯಾದ ಸೋನಿಯು ನಷ್ಟ ತಾಳಲಾರದೆ ಕೈಬಿಡಲು ನಿರ್ಧರಿಸಿತ್ತು. ವರ್ಷಕ್ಕೆ 87 ಲಕ್ಷ ಯಂತ್ರಗಳನ್ನು ಮಾರಿದ ದೈತ್ಯ ಸಂಸ್ಥೆಗೆ ಉಳಿಸಿಕೊಳ್ಳಲಾಗದ ಉದ್ದಿಮೆಯು ಕೇವಲ 240 ನೌಕರರ ಸಣ್ಣ ಕಂಪನಿಯ ಕೈಯಲ್ಲಿ ಲಾಭಕ್ಕೆ ತಿರುಗಿದುದು ಹೇಗೆ? ದುಬಾರಿ ಸರಕಿನ ವ್ಯಾಪಾರದಲ್ಲಿ ತೊಡಗಿರುವ ಯಾರಿಗಾದರೂ ಈ ಪ್ರಶ್ನೆ ಮುಖ್ಯವಾದುದು.

ಹುಟ್ಟು ಮತ್ತು ಹೆಸರು

ಸೋನಿಯು ಗಣಕಯಂತ್ರಗಳ ಕ್ಷೇತ್ರಕ್ಕೆ ವಾಯೋ ಮೂಲಕ ಮೊದಲ ಬಾರಿಗೆ ಕಾಲಿಟ್ಟದ್ದಲ್ಲ. 1982ರಲ್ಲಿ ಎಸ್ಎಂಸಿ-70 ಎಂಬ ಯಂತ್ರವನ್ನೂ, 1983ರಿಂದ ಹಿಟ್‌ಬಿಟ್ ಹೆಸರಿನ ಮನೆಬಳಕೆಯ ಗಣಕಯಂತ್ರಗಳನ್ನೂ ಅದು ಹೊರತಂದಿತ್ತು. ಆದರೆ ಟ್ರಾನ್ಸಿಸ್ಟರ್ ರೇಡಿಯೋ ಮತ್ತು ವಾಕ್‌ಮನ್‌ಗಳಿಂದ ಸೋನಿ ಗಳಿಸಿದ ಸ್ಥಾನವು ಈ ಯಂತ್ರಗಳಿಂದ ದೊರೆಯಲಿಲ್ಲ.

1995ರಲ್ಲಿ ನೊಬುಯುಕಿ ಇದೆ ಅವರು ಸೋನಿಯ ಅಧ್ಯಕ್ಷರಾದರು. ಧ್ವನಿ, ಚಿತ್ರ, ಚಲನಚಿತ್ರಗಳೆಲ್ಲವೂ ಅಂಕೀಯ ರೂಪಕ್ಕೆ ಬರಲಿವೆ, ಅವೆಲ್ಲವೂ ಕೂಡುವ ಸ್ಥಳ ಗಣಕಯಂತ್ರವೇ ಆಗಲಿದೆ ಎಂಬುದು ಅವರ ಎಣಿಕೆಯಾಗಿತ್ತು. ಅದರ ಫಲವಾಗಿ 1996ರಲ್ಲಿ ಅಮೆರಿಕದಲ್ಲಿ ಮೇಜಿನ ಮೇಲಿಡುವ ವಾಯೋ ಗಣಕಯಂತ್ರಗಳು ಬಿಡುಗಡೆಯಾದವು. 1997ರಲ್ಲಿ ಜಪಾನಿನ ಮಾರುಕಟ್ಟೆಗೂ ವಾಯೋ ಬಂದಿತು.

ಹೆಸರಿನ ಚಿಹ್ನೆಯನ್ನು ರೂಪಿಸಿದವರು ಸೋನಿಯ ವಿನ್ಯಾಸಕಾರ ತೆಯು ಗೊತೊ. ಇಂಗ್ಲಿಷಿನ ವಿ, ಎ, ಐ, ಓ ಎಂಬ ನಾಲ್ಕು ಅಕ್ಷರಗಳಲ್ಲಿ ಮೊದಲ ಎರಡು ಹಳೆಯ ಅನಲಾಗ್ ತಂತ್ರಜ್ಞಾನದ ಅಲೆಯಂತೆಯೂ, ಕೊನೆಯ ಎರಡು ಅಂಕೀಯ ತಂತ್ರಜ್ಞಾನದ ಒಂದು ಮತ್ತು ಸೊನ್ನೆಗಳಂತೆಯೂ ಕಾಣುತ್ತವೆ. ಹಳೆಯದನ್ನೂ ಹೊಸದನ್ನೂ ಬೆಸೆಯುವ ಸರಕು ಎಂಬ ಮಾತನ್ನು ಚಿಹ್ನೆಯೇ ಹೇಳುತ್ತಿತ್ತು.

1997ರ ನವೆಂಬರಿನಲ್ಲಿ ಬಂದ 505 ಮಾದರಿಯ ಲ್ಯಾಪ್‌ಟಾಪ್ ವಾಯೋಗೆ ಕೀರ್ತಿ ತಂದಿತು. ಬಹುತೇಕ ಲ್ಯಾಪ್‌ಟಾಪ್‌ಗಳು ದಪ್ಪನೆಯ ಕಪ್ಪು ಪ್ಲಾಸ್ಟಿಕ್ ಪೆಟ್ಟಿಗೆಗಳಂತಿದ್ದ ಕಾಲದಲ್ಲಿ ಇದರ ದಪ್ಪ ಕೇವಲ 23.9 ಮಿಲಿಮೀಟರ್, ತೂಕ 1.35 ಕಿಲೋಗ್ರಾಂ. ಹೊರಕವಚವು ಮೆಗ್ನೀಷಿಯಂ ಮಿಶ್ರಲೋಹದ್ದು. ಬಣ್ಣ ನೇರಳೆ ಛಾಯೆಯ ಬೆಳ್ಳಿ. ಮರುವರ್ಷ ಬಂದ ಸಿ1 ಮಾದರಿಯ ಪರದೆಯ ಮೇಲಂಚಿನಲ್ಲಿ ತಿರುಗಿಸಬಹುದಾದ ಕ್ಯಾಮರಾ ಇತ್ತು. ಇಂದು ಪ್ರತಿಯೊಂದು ಲ್ಯಾಪ್‌ಟಾಪಿನಲ್ಲಿಯೂ ಇರುವ ಈ ಸೌಲಭ್ಯವು ಅಂದು ಅಪೂರ್ವವಾಗಿತ್ತು.

ಹೆಚ್ಚಿನ ಬೆಲೆಗೆ ಆಧಾರವೇನಿತ್ತು?

ಗ್ರಾಹಕನು ಒಂದು ಸರಕಿಗೆ ಹೆಚ್ಚು ಬೆಲೆ ಕೊಡುವುದು ಅದು ಬೇರೆಡೆ ದೊರೆಯದೆಂಬ ಕಾರಣಕ್ಕೆ. ಈ ಅಳತೆಗೋಲಿನಿಂದ ಅಂದಿನ ವಾಯೋವನ್ನು ಪರಿಶೀಲಿಸುವುದು ಉಪಯುಕ್ತ.

ಯಂತ್ರದ ಮಿದುಳಾದ ಪ್ರೊಸೆಸರ್ ಇಂಟೆಲ್ ಕಂಪನಿಯದು. ಅದನ್ನು ನಡೆಸುವ ವಿಂಡೋಸ್ ತಂತ್ರಾಂಶ ಮೈಕ್ರೋಸಾಫ್ಟ್ ಸಂಸ್ಥೆಯದು. ಇವೆರಡೂ ಹಣ ಕೊಟ್ಟ ಯಾವ ತಯಾರಕನಿಗಾದರೂ ದೊರೆಯುತ್ತಿದ್ದವು. ಸೋನಿಯ ಸ್ವಂತದ್ದೆನ್ನಬಹುದಾದುದು ಉಳಿದ ಭಾಗ. 1991ರಲ್ಲಿ ಲಿಥಿಯಂ-ಅಯಾನ್ ಬ್ಯಾಟರಿಯನ್ನು ವಾಣಿಜ್ಯ ಮಟ್ಟದಲ್ಲಿ ಮೊದಲಿಗೆ ಮಾರುಕಟ್ಟೆಗೆ ತಂದದ್ದು ಸೋನಿ. ಅಂಕೀಯ ವಿಡಿಯೋ ಕ್ಯಾಮರಾಗಳಲ್ಲಿ ಅದು ಮುಂಚೂಣಿಯಲ್ಲಿತ್ತು. ಐ-ಲಿಂಕ್ ಎಂಬ ಹೆಸರಿನ ಜೋಡಣೆಯ ಮೂಲಕ ಕ್ಯಾಮರಾದಿಂದ ಚಿತ್ರವನ್ನು ನೇರವಾಗಿ ವಾಯೋಗೆ ಇಳಿಸಿಕೊಂಡು, ಮನೆಯಲ್ಲಿಯೇ ಸಂಕಲನ ಮಾಡಬಹುದಾಗಿತ್ತು. ಇವುಗಳೊಂದಿಗೆ ತೆಳುವಾದ ಕವಚವನ್ನು ರೂಪಿಸುವ ಕಾರ್ಖಾನೆಯ ಕೈಚಳಕವೂ ಸೇರಿತ್ತು. ಈ ಎಲ್ಲ ಗುಣಗಳು ಒಂದೇ ಯಂತ್ರದಲ್ಲಿ ಇದ್ದುದರಿಂದ ವಾಯೋದ ಹೆಚ್ಚುವರಿ ಬೆಲೆಗೆ ಅರ್ಥವಿತ್ತು.

ಈ ಕೈಚಳಕದ ಶಿಖರವೆಂದರೆ 2003ರ ಕೊನೆಯಲ್ಲಿ ಬಂದ ಎಕ್ಸ್505. ಕಾರ್ಬನ್ ನಾರಿನ ಕವಚದ ಈ ಯಂತ್ರದ ತೂಕ ಸುಮಾರು 785 ಗ್ರಾಂ. ಅತಿ ತೆಳುವಾದ ಭಾಗದ ದಪ್ಪ 9.7 ಮಿಲಿಮೀಟರ್. ಅಮೆರಿಕದಲ್ಲಿ ಇದರ ಬೆಲೆ ಸುಮಾರು 3,000 ಡಾಲರ್. ಆಪಲ್ ಸಂಸ್ಥೆಯ ಸ್ಟೀವ್ ಜಾಬ್ಸ್ ಅವರು 2008ರ ಜನವರಿಯಲ್ಲಿ ಮ್ಯಾಕ್‌ಬುಕ್ ಏರ್ ಲ್ಯಾಪ್‌ಟಾಪನ್ನು ಲೋಕಕ್ಕೆ ಪರಿಚಯಿಸಿದಾಗ ಅದನ್ನು ಹೋಲಿಸಿ ತೋರಿಸಲು ಆರಿಸಿಕೊಂಡದ್ದು ಸೋನಿಯ ಟಿಝಡ್ ಮಾದರಿಯನ್ನು. ಪ್ರತಿಸ್ಪರ್ಧಿಯೇ ಮಾನದಂಡವೆಂದು ಒಪ್ಪಿಕೊಳ್ಳುವುದಕ್ಕಿಂತ ದೊಡ್ಡ ಪ್ರಶಸ್ತಿ ಒಂದು ಸರಕಿಗೆ ಬೇಕಿಲ್ಲ.

ಆದರೆ ಪ್ರತಿಸ್ಪರ್ಧಿಗಳು ಕಲಿಯುತ್ತಲೇ ಇದ್ದರು. ಕ್ಯಾಮರಾ, ತೆಳುವಾದ ಕವಚ, ಹಗುರವಾದ ಬ್ಯಾಟರಿಗಳು ಕ್ರಮೇಣ ಎಲ್ಲರ ಯಂತ್ರಗಳಿಗೂ ಬಂದವು. ಸೋನಿಯ ಸ್ವಂತದ ಪಾಲು ವರ್ಷದಿಂದ ವರ್ಷಕ್ಕೆ ಕಿರಿದಾಗುತ್ತಾ ಹೋಯಿತು. ಮ್ಯಾಕ್‌ಬುಕ್ ಏರ್‌ಗೆ ಇದ್ದ ಅನುಕೂಲವೆಂದರೆ ಅದರ ತಂತ್ರಾಂಶವೂ ಆಪಲ್‌ನದೇ ಆಗಿದ್ದುದು. ಅಂತಹ ರಕ್ಷಣೆ ವಾಯೋಗೆ ಇರಲಿಲ್ಲ.

ಹೆಸರಿಗೆ ತಗುಲಿದ ಎರಡು ಪೆಟ್ಟುಗಳು

ಮೊದಲನೆಯದು ಬ್ಯಾಟರಿ ಪ್ರಕರಣ. ಸೋನಿಯು ತನ್ನ ಯಂತ್ರಗಳಿಗಲ್ಲದೆ ಇತರ ತಯಾರಕರಿಗೂ ಬ್ಯಾಟರಿ ಕೋಶಗಳನ್ನು ಪೂರೈಸುತ್ತಿತ್ತು. 2006ರ ಆಗಸ್ಟ್‌ನಲ್ಲಿ ಡೆಲ್ ಕಂಪನಿಯು ಸೋನಿ ಕೋಶಗಳಿದ್ದ ಸುಮಾರು 41 ಲಕ್ಷ ಬ್ಯಾಟರಿಗಳನ್ನು ಹಿಂದಕ್ಕೆ ಪಡೆಯುವುದಾಗಿ ಪ್ರಕಟಿಸಿತು. ಅದೇ ತಿಂಗಳು ಆಪಲ್ ಸುಮಾರು 18 ಲಕ್ಷ ಬ್ಯಾಟರಿಗಳನ್ನು ಹಿಂದಕ್ಕೆ ಕರೆಯಿತು. ತಯಾರಿಕೆಯ ಸಮಯದಲ್ಲಿ ಕೋಶದೊಳಗೆ ಸೇರಿಕೊಂಡ ಸೂಕ್ಷ್ಮ ಲೋಹದ ಕಣಗಳು ಶಾರ್ಟ್ ಸರ್ಕ್ಯೂಟ್ ಉಂಟುಮಾಡಿ, ಅತಿಯಾದ ಬಿಸಿಗೆ ಕಾರಣವಾಗಬಹುದೆಂಬುದು ದೋಷದ ಮೂಲ. ಒಟ್ಟು ಸುಮಾರು 96 ಲಕ್ಷ ಬ್ಯಾಟರಿಗಳು ಈ ವ್ಯಾಪ್ತಿಗೆ ಬರುವುವೆಂದು ಸೋನಿ ಅಂದಾಜಿಸಿ, ಸುಮಾರು 5,100 ಕೋಟಿ ಯೆನ್‌ಗಳನ್ನು ಲೆಕ್ಕಪತ್ರದಲ್ಲಿ ಇದಕ್ಕಾಗಿ ತೆಗೆದಿರಿಸಿತು. ಕಣ್ಣಿಗೆ ಕಾಣದ ಲೋಹದ ಕಣವೊಂದು ಲಾಭ-ನಷ್ಟ ಪಟ್ಟಿಯಲ್ಲಿ ಎಷ್ಟು ದೊಡ್ಡ ಅಂಕಿಯಾಗಬಲ್ಲದೆಂಬುದಕ್ಕೆ ಇದು ನಿದರ್ಶನ. ಬಿಡಿಭಾಗಗಳನ್ನು ಪೂರೈಸುವ ಸಣ್ಣ ಕೈಗಾರಿಕೆಗಳು ಇದನ್ನು ನೆನಪಿನಲ್ಲಿಡಬೇಕು: ಮಾರಾಟವಾದ ಬಿಡಿಭಾಗವು ಗ್ರಾಹಕನ ಕೈಯಲ್ಲಿ ಇರುವವರೆಗೂ ತಯಾರಕನ ಹೊಣೆ ಮುಗಿದಿರುವುದಿಲ್ಲ.

ಎರಡನೆಯದು ಹಣದ ಮೊತ್ತದಲ್ಲಿ ಚಿಕ್ಕದು, ಆದರೆ ಅರ್ಥದಲ್ಲಿ ಚಿಕ್ಕದಲ್ಲ. ಹೊಸ ಲ್ಯಾಪ್‌ಟಾಪ್‌ಗಳಲ್ಲಿ ಇತರ ಕಂಪನಿಗಳ ಪ್ರಾಯೋಗಿಕ ತಂತ್ರಾಂಶಗಳನ್ನು ತುಂಬಿ, ಅದಕ್ಕಾಗಿ ಆ ಕಂಪನಿಗಳಿಂದ ಹಣ ಪಡೆಯುವ ರೂಢಿ ಆಗ ವ್ಯಾಪಕವಾಗಿತ್ತು. ಇವುಗಳಿಂದ ಯಂತ್ರದ ವೇಗ ಕುಗ್ಗುತ್ತಿತ್ತು. 2008ರ ಮಾರ್ಚ್‌ನಲ್ಲಿ ಸೋನಿಯು ಅಮೆರಿಕದಲ್ಲಿ ಕೆಲವು ಮಾದರಿಗಳನ್ನು ಈ ತಂತ್ರಾಂಶಗಳಿಲ್ಲದೆ ಕೊಡಲು ಸುಮಾರು 50 ಡಾಲರ್ ಪ್ರತ್ಯೇಕ ಶುಲ್ಕ ನಿಗದಿಪಡಿಸಿತು. ದುಬಾರಿ ಯಂತ್ರ ಕೊಂಡವನೇ ಅದರೊಳಗಿನ ಕಸ ಗುಡಿಸಲೂ ಹಣ ಕೊಡಬೇಕೇ ಎಂದು ಗ್ರಾಹಕರು ಆಕ್ಷೇಪಿಸಿದೊಡನೆ ಸೋನಿ ಆ ಶುಲ್ಕವನ್ನು ಕೈಬಿಟ್ಟಿತು. ಆದರೆ ಹೆಚ್ಚಿನ ಬೆಲೆ ತೆರುವ ಗ್ರಾಹಕನೊಂದಿಗೆ ಚಿಲ್ಲರೆ ಲೆಕ್ಕ ಹೂಡಿದ ಅಪಕೀರ್ತಿ ಅದಾಗಲೇ ಬಂದಾಗಿತ್ತು.

ಪ್ರಮಾಣದ ಬೆನ್ನು ಹತ್ತಿ

2007ರಲ್ಲಿ ತೈವಾನಿನ ಏಸಸ್ ಕಂಪನಿಯು ಈ-ಪಿಸಿ ಎಂಬ ಅಗ್ಗದ ಪುಟ್ಟ ಲ್ಯಾಪ್‌ಟಾಪ್ ಬಿಡುಗಡೆ ಮಾಡಿತು. ಇಂತಹ ಯಂತ್ರಗಳಿಗೆ ನೆಟ್‌ಬುಕ್ ಎಂಬ ಹೆಸರು ಬಿದ್ದಿತು. ಈ ದಾರಿ ಹಿಡಿದರೆ ಎಲ್ಲ ತಯಾರಕರೂ ಒಟ್ಟಾಗಿ ಕೆಳಕ್ಕೆ ಜಾರಬೇಕಾಗುತ್ತದೆ ಎಂದು ಸೋನಿಯ ಅಮೆರಿಕದ ಅಧಿಕಾರಿಯೊಬ್ಬರು 2008ರಲ್ಲಿಯೇ ಎಚ್ಚರಿಸಿದ್ದರು. ಆದರೂ 2009ರಲ್ಲಿ ಸೋನಿಯು ಡಬ್ಲ್ಯು ಸರಣಿಯ ನೆಟ್‌ಬುಕ್ ತಂದಿತು.

ಅದೇ ವರ್ಷದ ಆರಂಭದಲ್ಲಿ ಪಿ ಸರಣಿ ಬಂದಿತ್ತು. ಲಕೋಟೆಯಷ್ಟು ಚಿಕ್ಕದಾದ, ಎಂಟು ಅಂಗುಲ ಪರದೆಯ ಈ ಯಂತ್ರವು ಜೀನ್ಸ್ ಜೇಬಿನಲ್ಲಿ ಇರುವಂತೆ ಜಾಹೀರಾತುಗಳಲ್ಲಿ ಕಾಣಿಸಿಕೊಂಡಿತು. ನೋಡಲು ಮನೋಹರವಾಗಿದ್ದರೂ ಒಳಗಿದ್ದುದು ಅಗ್ಗದ ನೆಟ್‌ಬುಕ್‌ಗಳಲ್ಲಿದ್ದಂತಹುದೇ ಆಟಂ ವರ್ಗದ ಪ್ರೊಸೆಸರ್. ಬೆಲೆ ಮಾತ್ರ ಅಮೆರಿಕದಲ್ಲಿ 900 ಡಾಲರ್‌ನಿಂದ ಆರಂಭ. ಭಾರತದಲ್ಲಿಯೂ ಆ ವರ್ಷ ಚಿತ್ರನಟಿ ಕರೀನಾ ಕಪೂರ್ ಅವರನ್ನು ರಾಯಭಾರಿಯಾಗಿಸಿಕೊಂಡು ವಾಯೋ ಬಣ್ಣಬಣ್ಣದ ಪ್ರಚಾರ ಕೈಗೊಂಡಿತು.

ಹೀಗೆ ಒಂದು ಕಡೆ ಅತಿ ದುಬಾರಿ ಝಡ್ ಸರಣಿ, ಇನ್ನೊಂದು ಕಡೆ ಹೊರಗಿನ ಗುತ್ತಿಗೆ ತಯಾರಕರಿಂದ ಮಾಡಿಸಿದ ಅಗ್ಗದ ಮಾದರಿಗಳು ಒಂದೇ ಹೆಸರಿನಡಿ ಮಾರಾಟವಾದವು. ಪ್ರಮಾಣವೇನೋ ಏರಿತು. 2011ರ ಮಾರ್ಚ್‌ಗೆ ಮುಗಿದ ವರ್ಷದಲ್ಲಿ 87 ಲಕ್ಷ ಯಂತ್ರಗಳು ಮಾರಾಟವಾದವು. ಆದರೆ 2010ರಲ್ಲಿ ಐಪ್ಯಾಡ್ ಬಂದ ಮೇಲೆ ಮನೆಬಳಕೆಯ ಗ್ರಾಹಕರ ಒಲವು ಟ್ಯಾಬ್ಲೆಟ್ ಮತ್ತು ಸ್ಮಾರ್ಟ್‌ಫೋನ್‌ಗಳತ್ತ ಸರಿಯಿತು. 2013ರ ಮಾರ್ಚ್ ಅಂತ್ಯದ ವರ್ಷದಲ್ಲಿ ಮಾರಾಟ 76 ಲಕ್ಷಕ್ಕೂ, ಮರುವರ್ಷ 56 ಲಕ್ಷಕ್ಕೂ ಇಳಿಯಿತು. ಆ ವೇಳೆಗೆ ಜಗತ್ತಿನಲ್ಲಿ ವರ್ಷಕ್ಕೆ 30 ಕೋಟಿಗೂ ಮೀರಿ ಗಣಕಯಂತ್ರಗಳು ಮಾರಾಟವಾಗುತ್ತಿದ್ದು, ಸೋನಿಯ ಪಾಲು ಶೇ. 2ನ್ನೂ ಮುಟ್ಟುತ್ತಿರಲಿಲ್ಲ. ಲೆನೊವೊ, ಎಚ್.ಪಿ., ಡೆಲ್‌ಗಳಂತೆ ಭಾರಿ ಪ್ರಮಾಣದಲ್ಲಿ ಬಿಡಿಭಾಗ ಕೊಂಡು ಖರೀದಿ ಬೆಲೆ ಇಳಿಸಿಕೊಳ್ಳುವಷ್ಟು ದೊಡ್ಡದಲ್ಲ. ಆಯ್ದ ಗ್ರಾಹಕರನ್ನಷ್ಟೇ ನೆಚ್ಚಿ ಬದುಕುವಷ್ಟು ಚಿಕ್ಕದೂ ಅಲ್ಲ. ವಾಯೋ ನಡುವೆ ಸಿಲುಕಿತು.

ಒಂದು ಊಹೆಯ ಲೆಕ್ಕ

ಬೆಲೆ ಇಳಿಸಿ ಪ್ರಮಾಣ ಏರಿಸುವ ಮಾರ್ಗದ ಅಪಾಯವನ್ನು ಒಂದು ಸರಳ ಉದಾಹರಣೆಯಿಂದ ತಿಳಿಯಬಹುದು. ಒಬ್ಬ ಸಣ್ಣ ತಯಾರಕನ ಸರಕಿನ ಮಾರಾಟ ಬೆಲೆ 1,000 ರೂಪಾಯಿ ಎಂದಿಟ್ಟುಕೊಳ್ಳೋಣ. ಪ್ರತಿ ಸರಕಿಗೆ ತಗಲುವ ಕಚ್ಚಾ ಮಾಲು, ಕೂಲಿ ಮುಂತಾದ ಬದಲಾಗುವ ವೆಚ್ಚ 700 ರೂಪಾಯಿ. ಬಾಡಿಗೆ, ಸಂಬಳ, ಬಡ್ಡಿ ಮೊದಲಾದ ಸ್ಥಿರ ವೆಚ್ಚ ತಿಂಗಳಿಗೆ 3 ಲಕ್ಷ ರೂಪಾಯಿ. ಪ್ರತಿ ಸರಕಿನಿಂದ ಉಳಿಯುವುದು 300 ರೂಪಾಯಿ. ಆದ್ದರಿಂದ 1,000 ಸರಕು ಮಾರಿದಾಗ ಲಾಭವೂ ಇಲ್ಲ, ನಷ್ಟವೂ ಇಲ್ಲ.

ಸ್ಪರ್ಧೆಗೆ ಅಂಜಿ ಬೆಲೆಯನ್ನು ಶೇ. 10ರಷ್ಟು ಇಳಿಸಿದರೆ ಬೆಲೆ 900 ರೂಪಾಯಿ. ಆದರೆ ಉಳಿಕೆಯು 300ರಿಂದ 200 ರೂಪಾಯಿಗೆ, ಅಂದರೆ ಮೂರನೆಯ ಒಂದು ಭಾಗದಷ್ಟು ಇಳಿಯುತ್ತದೆ. ಅದೇ ಸ್ಥಿತಿಯನ್ನು ಕಾಯ್ದುಕೊಳ್ಳಲು ಈಗ 1,500 ಸರಕು ಮಾರಬೇಕು. ಬೆಲೆಯಲ್ಲಿ ಶೇ. 10ರ ಇಳಿಕೆಯನ್ನು ಸರಿದೂಗಿಸಲು ಪ್ರಮಾಣದಲ್ಲಿ ಶೇ. 50ರ ಏರಿಕೆ ಬೇಕು. ಅಷ್ಟು ಮಾರಲು ಹೆಚ್ಚಿನ ದಾಸ್ತಾನು, ಹೆಚ್ಚಿನ ಸಾಲ ಮಾರಾಟ, ಹೆಚ್ಚಿನ ಜಾಹೀರಾತು ಅನಿವಾರ್ಯವಾಗಿ, ಸ್ಥಿರ ವೆಚ್ಚವೂ ಬೆಳೆಯುತ್ತದೆ. ವಹಿವಾಟು ಹೆಚ್ಚಿದ ಸಂತೋಷದಲ್ಲಿ ಈ ಸೋರಿಕೆ ಕಾಣುವುದಿಲ್ಲ. ವರ್ಷಾಂತ್ಯದ ಲೆಕ್ಕದಲ್ಲಿ ಮಾತ್ರ ಕಾಣುತ್ತದೆ.

ಬೇರ್ಪಡೆ ಮತ್ತು ಮರುಹುಟ್ಟು

2014ರ ಫೆಬ್ರುವರಿ 6ರಂದು ಸೋನಿಯು ಗಣಕಯಂತ್ರ ವಿಭಾಗವನ್ನು ಜಪಾನ್ ಇಂಡಸ್ಟ್ರಿಯಲ್ ಪಾರ್ಟ್‌ನರ್ಸ್ ಎಂಬ ಹೂಡಿಕೆ ಸಂಸ್ಥೆಗೆ ಮಾರುವುದಾಗಿ ಪ್ರಕಟಿಸಿತು. ಆ ವರ್ಷ 11,000 ಕೋಟಿ ಯೆನ್ ನಿವ್ವಳ ನಷ್ಟದ ಅಂದಾಜನ್ನೂ, ಜಗತ್ತಿನಾದ್ಯಂತ 5,000 ಹುದ್ದೆಗಳ ಕಡಿತವನ್ನೂ ಅದೇ ದಿನ ತಿಳಿಸಿತು. ಐಬಿಎಂ ಸಂಸ್ಥೆಯು ತನ್ನ ಗಣಕಯಂತ್ರ ವಿಭಾಗವನ್ನು 2005ರಲ್ಲಿಯೇ ಲೆನೊವೊಗೆ ಒಪ್ಪಿಸಿತ್ತು. ಮುಂದೆ 2018ರಲ್ಲಿ ತೊಷಿಬಾದ ವಿಭಾಗ ಶಾರ್ಪ್ ಕೈಗೂ, ಫುಜಿತ್ಸುವಿನ ವಿಭಾಗದ ಹತೋಟಿ ಲೆನೊವೊ ಕೈಗೂ ಹೋದವು.

2014ರ ಜುಲೈ 1ರಂದು ವಾಯೋ ಕಾರ್ಪೊರೇಷನ್ ಕಾರ್ಯಾರಂಭ ಮಾಡಿತು. ಸೋನಿ ಕೇವಲ ಶೇ. 5ರ ಪಾಲು ಇರಿಸಿಕೊಂಡಿತು. ಈಗಾಗಲೇ ಮಾರಾಟವಾಗಿದ್ದ ಯಂತ್ರಗಳ ದುರಸ್ತಿ ಮತ್ತು ಸೇವೆಯ ಹೊಣೆಯನ್ನು ಮಾತ್ರ ಸೋನಿಯೇ ಹೊತ್ತುಕೊಂಡಿತು. ಹೊಸ ಕಂಪನಿಯ ನೌಕರರು ಸುಮಾರು 240 ಮಂದಿ. ಅದರ ನೆಲೆ ನಾಗಾನೊ ಪ್ರಾಂತದ ಅಜುಮಿನೊ ಎಂಬಲ್ಲಿದ್ದ ಸೋನಿಯ ಹಳೆಯ ಕಾರ್ಖಾನೆ. ಸೋನಿಯ ಐಬೊ ರೋಬಾಟ್ ನಾಯಿ ತಯಾರಾದುದೂ ಇಲ್ಲಿಯೇ.

ಹೊಸ ಆಡಳಿತವು ಮೊದಲಿಗೆ ಹೊರದೇಶಗಳ ಮಾರಾಟವನ್ನು ನಿಲ್ಲಿಸಿ ಜಪಾನಿಗಷ್ಟೇ ಸೀಮಿತಗೊಳಿಸಿತು. ಮಾದರಿಗಳ ಸಂಖ್ಯೆಯನ್ನು ಬೆರಳೆಣಿಕೆಗೆ ಇಳಿಸಿತು. ಮನೆಬಳಕೆಯ ಗ್ರಾಹಕನಿಗಿಂತ ಕಚೇರಿಗಳನ್ನೇ ಮುಖ್ಯ ಗ್ರಾಹಕರನ್ನಾಗಿ ಮಾಡಿಕೊಂಡಿತು. ಲ್ಯಾಪ್‌ಟಾಪ್ ಹೊತ್ತು ಊರೂರು ಸುತ್ತುವ ನೌಕರನಿಗೆ ಕಡಿಮೆ ತೂಕ ಮತ್ತು ಗಟ್ಟಿತನವು ಶೋಕಿಯಲ್ಲ, ಅಗತ್ಯ. ಬೇರೆಡೆ ಜೋಡಣೆಯಾದ ಯಂತ್ರಗಳೂ ಅಜುಮಿನೊಗೆ ಬಂದು ಒಂದೊಂದಾಗಿ ತಪಾಸಣೆಗೊಂಡ ನಂತರವೇ ಗ್ರಾಹಕನನ್ನು ಸೇರುವ ಕ್ರಮ ಬಂದಿತು. ಕಾರ್ಖಾನೆಯ ಬಿಡುವಿನ ಸಾಮರ್ಥ್ಯವನ್ನು ವ್ಯರ್ಥಗೊಳಿಸದೆ ಇತರರ ಸರಕುಗಳನ್ನು ಗುತ್ತಿಗೆಯ ಮೇಲೆ ತಯಾರಿಸಿಕೊಡಲು ಆರಂಭಿಸಿತು. ಟೊಯೊಟಾ ಕಂಪನಿಯ ಕಿರೊಬೊ ಮಿನಿ ಎಂಬ ಪುಟ್ಟ ಮಾತಾಡುವ ರೋಬಾಟ್ ಇಲ್ಲಿ ತಯಾರಾಯಿತು. ರೋಬಾಟ್ ನಾಯಿ ತಯಾರಿಸಿದ ಹಳೆಯ ಅನುಭವ ಇಲ್ಲಿ ನೆರವಿಗೆ ಬಂದಿತು.

ಮೊದಲ ವರ್ಷ ನಷ್ಟದಲ್ಲಿದ್ದ ಕಂಪನಿಯು 2016ರ ಮೇ ಅಂತ್ಯಕ್ಕೆ ಮುಗಿದ ಎರಡನೆಯ ವರ್ಷದಲ್ಲಿ ಕಾರ್ಯಾಚರಣೆಯ ಲಾಭ ಗಳಿಸಿತು. ಹತ್ತು ವರ್ಷಗಳ ನಂತರ ನೊಜಿಮಾ ತೆತ್ತ ಬೆಲೆಯು ಈ ಶಿಸ್ತಿಗೆ ಸಂದ ಬೆಲೆ ಎನ್ನಬಹುದು.

ಭಾರತದಲ್ಲಿ 2021ರಲ್ಲಿ ವಾಯೋ ಹೆಸರು ಮತ್ತೆ ಕಾಣಿಸಿಕೊಂಡಿತು. ಆದರೆ ಆಗ ಅದನ್ನು ತಂದದ್ದು ಸೋನಿಯಲ್ಲ. ಹೆಸರನ್ನು ಪರವಾನಗಿಯ ಮೇಲೆ ಪಡೆದಿದ್ದ ಹಾಂಗ್‌ಕಾಂಗ್‌ನ ನೆಕ್ಸ್ಟ್‌ಗೋ ಎಂಬ ಸಂಸ್ಥೆ. ಹೆಸರು ಹಳೆಯದಾದರೂ ಹೊಣೆಗಾರ ಬೇರೆ.

ವ್ಯಾಪಾರಿಗಳು ಮತ್ತು ತಯಾರಕರು ಗಮನಿಸಬೇಕಾದ ಅಂಶಗಳು

1. ಸರಕಿನಲ್ಲಿ ಸ್ವಂತದ್ದೆಷ್ಟು, ಪೇಟೆಯಲ್ಲಿ ಎಲ್ಲರಿಗೂ ದೊರೆಯುವುದೆಷ್ಟು ಎಂಬುದನ್ನು ವರ್ಷಕ್ಕೊಮ್ಮೆಯಾದರೂ ಪಟ್ಟಿ ಮಾಡುವುದು ಒಳಿತು. ಹೆಚ್ಚಿನ ಬೆಲೆ ನಿಲ್ಲುವುದು ಸ್ವಂತದ ಪಾಲಿನ ಮೇಲೆ ಮಾತ್ರ.

2. ದುಬಾರಿ ಸರಕಿನ ಹೆಸರನ್ನು ಅಗ್ಗದ ಸರಕಿಗೆ ಹಚ್ಚುವುದು ಗಳಿಸಿದ ಗುಡ್‌ವಿಲ್ ಅನ್ನು ಖರ್ಚು ಮಾಡಿದಂತೆ. ಈ ಖರ್ಚನ್ನು ಯಾವ ಲೆಕ್ಕಪುಸ್ತಕವೂ ತೋರಿಸುವುದಿಲ್ಲ.

3. ಲಾಭವನ್ನು ಒಟ್ಟಾರೆಯಾಗಿ ನೋಡದೆ ಮಾದರಿವಾರು, ಗ್ರಾಹಕವಾರು ಬಿಡಿಸಿ ನೋಡಬೇಕು. ನಷ್ಟದ ಸರಕನ್ನು ಲಾಭದ ಸರಕು ಹೊತ್ತು ನಡೆಯುತ್ತಿರುವುದು ಆಗಲೇ ತಿಳಿಯುವುದು.

4. ಖಾತರಿ ಕೊಟ್ಟು ಮಾರಿದ ಸರಕಿಗೆ ಮುಂದೆ ಬರಬಹುದಾದ ವೆಚ್ಚಕ್ಕಾಗಿ ಆಯಾ ವರ್ಷವೇ ಹಣ ತೆಗೆದಿರಿಸಬೇಕು. ಉದ್ದಿಮೆಯ ಒಂದು ವಿಭಾಗವನ್ನು ಮಾರುವಾಗ ಅಥವಾ ಕೊಳ್ಳುವಾಗ ಹಳೆಯ ಸರಕಿನ ಸೇವೆ ಯಾರ ಹೊಣೆ ಎಂಬುದು ಕರಾರಿನಲ್ಲಿ ಸ್ಪಷ್ಟವಾಗಿರಬೇಕು.

5. ಹೆಸರಾಂತ ಸರಕಿನ ವಿತರಣೆ ವಹಿಸಿಕೊಳ್ಳುವ ಮುನ್ನ ಹೆಸರಿನ ಒಡೆಯ ಯಾರು, ತಯಾರಕ ಯಾರು, ಸೇವೆ ಕೊಡುವವರು ಯಾರು ಎಂಬುದನ್ನು ವಿಚಾರಿಸಿ ಬರಹದಲ್ಲಿ ಪಡೆಯಬೇಕು.

6. ವಹಿವಾಟನ್ನು ಕುಗ್ಗಿಸುವುದು ಸೋಲಲ್ಲ. ನಷ್ಟದ ಕೊಂಬೆಗಳನ್ನು ಕಾಲದಲ್ಲಿ ಸವರಿದರೆ ಬೇರು ಉಳಿಯುತ್ತದೆ.

ವಾಯೋದ ಬೇರು ಅಜುಮಿನೊದ ಕಾರ್ಖಾನೆಯಲ್ಲಿತ್ತು. ಜಾಹೀರಾತು, ಜಾಗತಿಕ ಮಾರಾಟ ಜಾಲ, ಲಕ್ಷಗಟ್ಟಲೆ ಪ್ರಮಾಣಗಳೆಲ್ಲ ಕಳಚಿಬಿದ್ದ ಮೇಲೂ ಚೆನ್ನಾಗಿ ತಯಾರಿಸಬಲ್ಲ 240 ಮಂದಿಯ ಕೌಶಲ ಉಳಿದಿತ್ತು. ಕೊನೆಗೆ ಬೆಲೆ ಬಂದದ್ದು ಅದಕ್ಕೇ. ತಮ್ಮ ಉದ್ದಿಮೆಯಲ್ಲಿ ಅಂತಹ ಬೇರು ಯಾವುದೆಂಬುದನ್ನು ಪ್ರತಿಯೊಬ್ಬ ಉದ್ಯಮಿಯೂ ಕಷ್ಟಕಾಲ ಬರುವ ಮುನ್ನವೇ ಗುರುತಿಸಿಕೊಂಡಿರುವುದು ಕ್ಷೇಮ.